ಆಪರೇಷನ್‌ಗೆ ಮುನ್ನ ಸಕ್ಕರೆ ಹತೋಟಿಗೆ ಬರಲಿ

ನಾಗರಬಾವಿ ಎರಡನೇ ಹಂತದಲ್ಲಿರುವ ನಮ್ಮ ಖಾಲಾಗೆ 57 ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಕಳೆದ ವರ್ಷ ಹೊಟ್ಟೆಯ ಬಲಭಾಗದಲ್ಲಿ ಆಗಾಗ ತೀವ್ರ ನೋವು ಬರತೊಡಗಿತು. ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿರುವುದು ತಿಳಿಯಿತು. ಆಪರೇಷನ್‌ಗೆ ದಿನ ಗೊತ್ತಾಯಿತು. ಮಗ ಅಂಗಡಿಗೆ ರಜೆ ಹಾಕಿದ, ಮಗಳು ತುಮಕೂರಿನಿಂದ ಬಂದಳು. ಆದರೆ ಹಿಂದಿನ ದಿನ ರಕ್ತ ಪರೀಕ್ಷೆಯ ವರದಿ ನೋಡಿದ ವೈದ್ಯರು, ಈಗ ಆಪರೇಷನ್ ಬೇಡ, ಆರೇಳು ವಾರ ಬಿಟ್ಟು ನೋಡೋಣ ಎಂದರು. ಖಾಲಿ ಹೊಟ್ಟೆಯ ಸಕ್ಕರೆ 286 ಇತ್ತು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 10.4 ಇತ್ತು.

ಮಗನಿಗೆ ಸಿಟ್ಟು ಬಂತು. "ಅಮ್ಮಿ, ಇವರು ಸುಮ್ಮನೆ ಅಲೆಸುತ್ತಿದ್ದಾರೆ. ನಡೀರಿ, ಬೇರೆ ಆಸ್ಪತ್ರೆಗೆ ಹೋಗೋಣ" ಎಂದ. ನೋವಿನಿಂದ ಬಳಲಿದ್ದ ಖಾಲಾಗೂ ಹಾಗೆಯೇ ಅನ್ನಿಸಿತ್ತು. ಆಪರೇಷನ್ ಮುಂದೂಡಿದರೆ ಅದು ವೈದ್ಯರ ಉದಾಸೀನ ಅಥವಾ ದುಡ್ಡಿನ ಆಟ ಎಂದು ನಮ್ಮ ಎಷ್ಟೋ ಮನೆಗಳಲ್ಲಿ ಭಾವಿಸುತ್ತಾರೆ. ನಿಜವಾಗಿ ಅಂದು ಆ ವೈದ್ಯರು ಖಾಲಾಗೆ ಉಪಕಾರವನ್ನೇ ಮಾಡಿದ್ದರು. ಅದು ಹೇಗೆ ಎಂಬುದನ್ನು ತಿಳಿಸಲು ಈ ಲೇಖನ.

ಇದು ಒಂದೆರಡು ಮನೆಗಳ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಹಳ್ಳಿಗಳಲ್ಲಿ ಶೇ. 8.9 ಇದ್ದರೆ ನಗರಗಳಲ್ಲಿ ಶೇ. 16.4. ಹೀಗಿರುವಾಗ ಕಣ್ಣಿನ ಪೊರೆ, ಹರ್ನಿಯಾ, ಗರ್ಭಕೋಶ, ಮೊಣಕಾಲು, ಹೃದಯ ಎಂದು ಯಾವುದೇ ಆಪರೇಷನ್‌ಗೆ ದಾಖಲಾಗುವವರಲ್ಲಿ ಮಧುಮೇಹಿಗಳು ಹೆಚ್ಚಾಗಿರುವುದು ಸಹಜ. ಕೆಲವರಿಗಂತೂ ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ತಿಳಿಯುವುದೇ ಆಪರೇಷನ್‌ಗೆ ಮುನ್ನ ರಕ್ತ ಕೊಟ್ಟಾಗ.

ಆಪರೇಷನ್ ವೇಳೆ ಸಕ್ಕರೆ ಏಕೆ ಏರುತ್ತದೆ?

ಆಪರೇಷನ್ ಎಂದರೆ ದೇಹದ ಮಟ್ಟಿಗೆ ಒಂದು ಗಾಯ. ಗಾಯವಾದಾಗ ದೇಹವು ಅಪಾಯ ಬಂದಿದೆ ಎಂದು ತಿಳಿದು ಕಾರ್ಟಿಸೋಲ್, ಅಡ್ರಿನಾಲಿನ್, ಗ್ಲೂಕಗಾನ್ ಮುಂತಾದ ಹಾರ್ಮೋನುಗಳನ್ನು ಹೆಚ್ಚಾಗಿ ಸುರಿಸುತ್ತದೆ. ಇವು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ. ಜೊತೆಗೆ ಇನ್ಸುಲಿನ್ ತನ್ನ ಕೆಲಸ ಸರಿಯಾಗಿ ಮಾಡದಂತೆ ತಡೆಯುತ್ತವೆ. ಆರೋಗ್ಯವಂತರ ದೇಹ ಹೆಚ್ಚು ಇನ್ಸುಲಿನ್ ಸುರಿಸಿ ಇದನ್ನು ಸರಿದೂಗಿಸುತ್ತದೆ. ಮಧುಮೇಹಿಯ ದೇಹಕ್ಕೆ ಆ ಶಕ್ತಿ ಇಲ್ಲ. ಆದ್ದರಿಂದ ಏನೂ ತಿನ್ನದೆ ಖಾಲಿ ಹೊಟ್ಟೆಯಲ್ಲಿ ಮಲಗಿದ್ದರೂ ರೋಗಿಯ ಸಕ್ಕರೆ ಏರಬಹುದು. "ಬೆಳಗಿನಿಂದ ಒಂದು ತುತ್ತೂ ತಿಂದಿಲ್ಲ, 240 ಹೇಗೆ ಬಂತು?" ಎಂದು ಕೇಳುವವರಿಗೆ ಇದೇ ಉತ್ತರ.

ವಾಂತಿ ಬರದಂತೆ ಅರಿವಳಿಕೆಯ ಸಮಯದಲ್ಲಿ ಕೊಡುವ ಡೆಕ್ಸಾಮೆಥಾಸೋನ್ ಎಂಬ ಚುಚ್ಚುಮದ್ದು ಸ್ಟೀರಾಯ್ಡ್ ಜಾತಿಯದು. ಅದರಿಂದಲೂ ಒಂದು ದಿನದ ಮಟ್ಟಿಗೆ ಸಕ್ಕರೆ ಏರಬಹುದು. ನೋವು, ಭಯ, ನಿದ್ದೆಗೇಡು ಇವೂ ತಮ್ಮ ಪಾಲು ಸೇರಿಸುತ್ತವೆ.

ಏರಿದರೂ ಕಷ್ಟ, ಇಳಿದರೂ ಕಷ್ಟ

ನಮ್ಮ ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ಹಿಡಿದು ಕೊಲ್ಲುವ ಕಾವಲುಗಾರರು. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಇವು ಮಂಕಾಗುತ್ತವೆ. ಗಾಯದಲ್ಲಿ ಕೀವು ತುಂಬುವುದು, ಹೊಲಿಗೆ ಬಿಚ್ಚಿಕೊಳ್ಳುವುದು, ಮೂತ್ರದ ಸೋಂಕು, ನ್ಯುಮೋನಿಯಾ ಇವೆಲ್ಲ ಹೆಚ್ಚುತ್ತವೆ. ಹಲವು ವರ್ಷಗಳ ಮಧುಮೇಹದಿಂದ ಸಣ್ಣ ರಕ್ತನಾಳಗಳು ಕಿರಿದಾಗಿದ್ದರೆ ಗಾಯಕ್ಕೆ ಬೇಕಾದ ರಕ್ತವೂ ಸಾಕಷ್ಟು ತಲುಪುವುದಿಲ್ಲ. ಮೊಣಕಾಲಿಗೆ ಹಾಕಿದ ಕೃತಕ ಕೀಲಿಗೆ ಸೋಂಕು ತಗುಲಿದರೆ ಅದನ್ನು ತೆಗೆದು ಮತ್ತೆ ಆಪರೇಷನ್ ಮಾಡಬೇಕಾಗಬಹುದು. ಮೂರು ದಿನದಲ್ಲಿ ಮನೆಗೆ ಬರಬೇಕಾದವರು ಮೂರು ವಾರ ಆಸ್ಪತ್ರೆಯಲ್ಲಿ ಉಳಿಯುವುದು ಹೀಗೆಯೇ.

ಇನ್ನೊಂದು ಕಡೆ, ಊಟವಿಲ್ಲದೆ ಮಾತ್ರೆ ನುಂಗಿದರೆ ಅಥವಾ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ಕೈ ನಡುಕ, ಎದೆ ಬಡಿತ, ಹಸಿವು, ತಲೆ ಗೊಂದಲ ಇದರ ಲಕ್ಷಣಗಳು. ತೀರಾ ಇಳಿದರೆ ಪ್ರಜ್ಞೆ ತಪ್ಪಿ ಮಿದುಳಿಗೇ ಅಪಾಯ. ಅರಿವಳಿಕೆಯಲ್ಲಿರುವ ರೋಗಿ ಬೆವರುತ್ತಿದೆ, ನಡುಗುತ್ತಿದೆ ಎಂದು ಹೇಳಲಾರ. ಆದುದರಿಂದಲೇ ಆಪರೇಷನ್ ಕೋಣೆಯಲ್ಲಿ ಸಕ್ಕರೆಯನ್ನು ಪದೇ ಪದೇ ಪರೀಕ್ಷಿಸುತ್ತಾರೆ. ಈ ಹೊತ್ತಿನಲ್ಲಿ ಸಕ್ಕರೆ 100ರಿಂದ 180ರ ನಡುವೆ ಇರಲಿ ಎಂಬುದು ಸಾಮಾನ್ಯ ಗುರಿ. ಮನೆಯಲ್ಲಿ ಖಾಲಿ ಹೊಟ್ಟೆಗೆ 100ರ ಆಸುಪಾಸು ಇರಬೇಕು ಎಂದು ಕೇಳಿದವರಿಗೆ 160 ಕಂಡು ಗಾಬರಿಯಾಗಬಹುದು. ಗಾಬರಿ ಬೇಡ. ಆಪರೇಷನ್ ದಿನ ತೀರಾ ಇಳಿಸುವುದಕ್ಕಿಂತ ಇಷ್ಟು ಇರುವುದೇ ಕ್ಷೇಮ.

ಒಂದೂವರೆ ಎರಡು ತಿಂಗಳ ಮೊದಲೇ ಸಿದ್ಧತೆ

ತುರ್ತು ಆಪರೇಷನ್‌ಗೆ ಸಕ್ಕರೆ ಇಳಿಯಲಿ ಎಂದು ಕಾಯಲಾಗದು. ಅಪೆಂಡಿಕ್ಸ್ ಒಡೆದಾಗ, ಅಪಘಾತವಾದಾಗ, ಕಾಲಿನ ಸೋಂಕು ಮೇಲಕ್ಕೇರುತ್ತಿರುವಾಗ ಇನ್ಸುಲಿನ್ ಡ್ರಿಪ್ ಹಾಕಿಕೊಂಡೇ ಆಪರೇಷನ್ ಮಾಡುತ್ತಾರೆ. ಆಗ ಮುಂದೂಡಿ ಎಂದು ಮನೆಯವರು ಒತ್ತಾಯಿಸಬಾರದು. ಆದರೆ ಪೊರೆ, ಹರ್ನಿಯಾ, ಮೊಣಕಾಲು, ನೋವು ಕಡಿಮೆಯಾಗಿರುವ ಪಿತ್ತಕೋಶದ ಕಲ್ಲು ಇಂಥವಕ್ಕೆ ಸಮಯವಿರುತ್ತದೆ. ಆ ಸಮಯವನ್ನು ಬಳಸಿಕೊಳ್ಳಬೇಕು.

ಮೊದಲ ಪರೀಕ್ಷೆ ಎಚ್‌ಬಿಎ1ಸಿ. ಇದು ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುತ್ತದೆ. 7 ಎಂದರೆ ಸರಾಸರಿ ಸುಮಾರು 154. 8 ಎಂದರೆ ಸುಮಾರು 183. 10 ಎಂದರೆ ಸುಮಾರು 240. ಕಾಯಬಹುದಾದ ಆಪರೇಷನ್‌ಗೆ ಮೊದಲು ಇದು 8ಕ್ಕಿಂತ ಕಡಿಮೆ ಇರಲಿ ಎಂದು ಅಮೆರಿಕದ ಮಧುಮೇಹ ಸಂಘ ಹೇಳುತ್ತದೆ. ಬ್ರಿಟನ್ನಿನ ವೈದ್ಯರು 8.5ರವರೆಗೆ ಒಪ್ಪುತ್ತಾರೆ. ಎರಡು ದಿನ ಪಥ್ಯ ಮಾಡಿ ಈ ಪರೀಕ್ಷೆಯನ್ನು ಮೋಸಗೊಳಿಸಲಾಗದು. ಆದರೆ ರಕ್ತಹೀನತೆ ಇದ್ದವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ, ಗರ್ಭಿಣಿಯರಲ್ಲಿ ಇದು ತಪ್ಪು ದಾರಿಗೆಳೆಯಬಹುದು. ಅಂಥವರು ಮನೆಯಲ್ಲಿ ಗ್ಲೂಕೋಮೀಟರ್‌ನಿಂದ ನೋಡಿದ ಅಂಕಿಗಳನ್ನು ಬರೆದುಕೊಂಡು ಹೋಗಬೇಕು.

ಮಧುಮೇಹಿಗಳಲ್ಲಿ ನರಗಳ ಸಂವೇದನೆ ಕುಗ್ಗಿರುವುದರಿಂದ ಎದೆನೋವೇ ಇಲ್ಲದೆ ಹೃದಯಾಘಾತವಾಗಿರಬಹುದು. ಆದ್ದರಿಂದ ಇಸಿಜಿ ಬೇಕು. ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ಬೇಕು. ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ, ರಕ್ತದೊತ್ತಡ ಇವನ್ನೂ ನೋಡುತ್ತಾರೆ. ಇಷ್ಟು ಪರೀಕ್ಷೆ ಬರೆದುಕೊಟ್ಟರೆ ಅದು ಬಿಲ್ಲು ಏರಿಸಲಿಕ್ಕೆಂದು ತಕ್ಷಣ ತೀರ್ಮಾನಿಸಬೇಡಿ. ಪ್ರತಿಯೊಂದೂ ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ಖಾಲಾ ಮನೆಯಲ್ಲಿ ಆ ಸಂಜೆ ಕುಳಿತು ನೋಡಿದಾಗ ಅಸಲು ಕತೆ ಹೊರಬಿತ್ತು. ಮದುವೆ, ವಲೀಮಾ, ಅಖೀಖಾ ಎಂದು ತಿಂಗಳಿಗೆ ಮೂರು ನಾಲ್ಕು ಊಟ. ಊಟಕ್ಕೆ ಹೋದ ದಿನ ಮಾತ್ರೆ ಮನೆಯಲ್ಲೇ. ಪರೀಕ್ಷೆ ಇದ್ದರೆ ಮಾತ್ರ ನಾಲ್ಕು ದಿನ ಪಥ್ಯ. ವೈದ್ಯರು ಎರಡು ವರ್ಷದ ಹಿಂದೆಯೇ ಇನ್ಸುಲಿನ್ ಬರೆದಿದ್ದರು. ಒಮ್ಮೆ ಶುರು ಮಾಡಿದರೆ ಬಿಡಲಾಗದು ಎಂದು ಯಾರೋ ಹೇಳಿದ್ದಕ್ಕೆ ಚೀಟಿ ಬೀರುವಿನಲ್ಲೇ ಉಳಿದಿತ್ತು.

ಅಂದಿನಿಂದ ಏಳು ವಾರ ರಾತ್ರಿ ಒಂದು ಹೊತ್ತು ಇನ್ಸುಲಿನ್, ಹೊತ್ತಿಗೆ ಸರಿಯಾಗಿ ಮಾತ್ರೆ, ತಟ್ಟೆಯಲ್ಲಿ ಅನ್ನ ಅರ್ಧ, ತರಕಾರಿ ಮತ್ತು ಬೇಳೆ ದುಪ್ಪಟ್ಟು, ಕರಿದದ್ದು ಬಂದ್. ಪಿತ್ತಕೋಶದ ನೋವಿಗೂ ಕೊಬ್ಬು ಕಡಿಮೆ ತಿನ್ನುವುದು ಒಳ್ಳೆಯದಾಯಿತು. ಫಜ್ರ್ ನಮಾಝಿನ ನಂತರ ಜ್ಞಾನಭಾರತಿ ಕ್ಯಾಂಪಸ್ಸಿನ ಮರಗಳ ನಡುವೆ ಅರ್ಧ ಗಂಟೆ ನಡಿಗೆ. ಸಿಗರೇಟು, ಬೀಡಿ, ಗುಟ್ಕಾ, ತಂಬಾಕು ಹಾಕಿದ ಪಾನ್ ಅಭ್ಯಾಸ ಇರುವವರು ಕನಿಷ್ಠ ನಾಲ್ಕು ವಾರ ಮೊದಲೇ ಅವನ್ನು ಬಿಟ್ಟರೆ ಶ್ವಾಸಕೋಶಕ್ಕೂ ಗಾಯಕ್ಕೂ ಅನುಕೂಲ.

ಮಾತ್ರೆಯ ಚೀಲವನ್ನೇ ಎತ್ತಿಕೊಂಡು ಹೋಗಿ

ಅರಿವಳಿಕೆ ವೈದ್ಯರನ್ನು ಕಾಣಲು ಹೋಗುವಾಗ ಬಿಳಿ ಮಾತ್ರೆ, ಹಳದಿ ಮಾತ್ರೆ ಎಂದು ಹೇಳಿದರೆ ಪ್ರಯೋಜನವಿಲ್ಲ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿ ತೋರಿಸಿ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿರುವುದು ಈಗ ಸಾಮಾನ್ಯ. ಕಂಪನಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ನಿಜ ಹೆಸರು ಇರುತ್ತದೆ. ಅದು ಮುಖ್ಯ. ಕೆಳಗಿನದು ಸಾಮಾನ್ಯ ತಿಳಿವಳಿಕೆ ಮಾತ್ರ. ನಿಮ್ಮ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು ಎಂದು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್: ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಮಾತ್ರೆಗಳಿವು. ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದವು. ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕು. ಇವನ್ನು ನುಂಗಿ ಉಪವಾಸವಿದ್ದರೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಆಮ್ಲಗಳನ್ನು ತುಂಬಿಸಿಕೊಳ್ಳಬಹುದು. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಇದರ ಲಕ್ಷಣ. ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ಹೆಚ್ಚೇನೂ ಇಲ್ಲದಿರಬಹುದು, ಅದಕ್ಕೇ ಇದು ಮೋಸದ ಅಪಾಯ. ಈ ಮಾತ್ರೆಗಳನ್ನು ಈಗ ಹೃದಯ ಮತ್ತು ಮೂತ್ರಪಿಂಡದ ಕಾಯಿಲೆಗೂ ಕೊಡುತ್ತಾರೆ. ಇದು ಹಾರ್ಟಿನ ಮಾತ್ರೆ, ಶುಗರ್‌ದಲ್ಲ ಎಂದು ತಿಳಿದು ಹೇಳದೆ ಉಳಿಯಬೇಡಿ.

ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್: ಇವು ಊಟವಿರಲಿ ಇಲ್ಲದಿರಲಿ ದೇಹದಿಂದ ಇನ್ಸುಲಿನ್ ಹಿಂಡುತ್ತವೆ. ಆಪರೇಷನ್ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸಕ್ಕರೆ ಕುಸಿಯಬಹುದು. ಅಂದು ಬೇಡ.

ಮೆಟ್‌ಫಾರ್ಮಿನ್: ಸಾಮಾನ್ಯವಾಗಿ ಆಪರೇಷನ್ ದಿನ ನಿಲ್ಲಿಸುತ್ತಾರೆ. ಮೂತ್ರಪಿಂಡ ದುರ್ಬಲವಿದ್ದರೆ ಅಥವಾ ಸ್ಕ್ಯಾನ್‌ಗೆ ಡೈ ಚುಚ್ಚುವುದಿದ್ದರೆ ಮತ್ತೆ ಶುರು ಮಾಡುವ ದಿನವನ್ನು ವೈದ್ಯರೇ ಹೇಳಬೇಕು.

ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್: ಇವುಗಳಿಂದ ಮಾತ್ರವೇ ಸಕ್ಕರೆ ಕುಸಿಯುವುದು ಅಪರೂಪ. ಆದರೆ ಬೇರೆ ಔಷಧದ ಜೊತೆ ಬೆರೆತಿರುತ್ತವೆ, ಆದ್ದರಿಂದ ಸ್ಟ್ರಿಪ್ ತೋರಿಸಿಯೇ ಕೇಳಿ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್: ವಾರಕ್ಕೊಮ್ಮೆ ಚುಚ್ಚುವ, ತೂಕ ಇಳಿಸುವುದಕ್ಕೂ ಬಳಸುವ ಔಷಧಗಳಿವು. ಇವು ಹೊಟ್ಟೆಯಿಂದ ಆಹಾರ ಮುಂದೆ ಸಾಗುವುದನ್ನು ನಿಧಾನ ಮಾಡುತ್ತವೆ. ಗಂಟೆಗಟ್ಟಲೆ ಉಪವಾಸವಿದ್ದರೂ ಹೊಟ್ಟೆ ಖಾಲಿಯಾಗಿರದೆ, ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು. ತೂಕಕ್ಕಾಗಿ ಗುಟ್ಟಾಗಿ ತೆಗೆದುಕೊಳ್ಳುತ್ತಿದ್ದರೂ ಅರಿವಳಿಕೆ ವೈದ್ಯರ ಮುಂದೆ ಮುಚ್ಚಿಡಬೇಡಿ.

ಕಲೌಂಜಿ ಎಣ್ಣೆ, ಮೆಂತ್ಯದ ಪುಡಿ, ಹಾಗಲದ ರಸ, ಹಕೀಮರ ಚೂರ್ಣ ಏನೇ ಇರಲಿ, ಅದನ್ನೂ ಹೇಳಿ. ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅದರಿಂದ ಪ್ರಾಣಾಪಾಯವಾದೀತು.

ಇನ್ಸುಲಿನ್: ಭಯ ಮತ್ತು ಹಲಾಲ್ ಪ್ರಶ್ನೆ

ಊಟವಿಲ್ಲ, ಹಾಗಾದರೆ ಇನ್ಸುಲಿನ್ ಕೂಡ ಬೇಡ ಎಂಬ ಲೆಕ್ಕ ತಪ್ಪು. ಎಳೆ ವಯಸ್ಸಿನಲ್ಲಿ ಬರುವ ಟೈಪ್ 1 ಮಧುಮೇಹದಲ್ಲಿ ದೇಹ ತಾನಾಗಿ ಇನ್ಸುಲಿನ್ ತಯಾರಿಸುವುದೇ ಇಲ್ಲ. ಅವರು ಉಪವಾಸವಿದ್ದಾಗಲೂ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ನಿಲ್ಲಿಸಲೇಬಾರದು. ಉಳಿದವರಿಗೆ ವೈದ್ಯರು ಪ್ರಮಾಣ ಕಡಿಮೆ ಮಾಡುತ್ತಾರೆ. ಗ್ಲಾರ್ಜಿನ್‌ನಂಥ ದೀರ್ಘಾವಧಿ ಇನ್ಸುಲಿನ್ ಆದರೆ ಸಾಮಾನ್ಯವಾಗಿ ಮುಕ್ಕಾಲು ಭಾಗ ಉಳಿಸುತ್ತಾರೆ. ನಮ್ಮಲ್ಲಿ ಬಹಳ ಮಂದಿ ಬಳಸುವ 30/70 ಮಿಶ್ರಣದ ಪೂರ್ತಿ ಡೋಸ್ ಆ ಬೆಳಿಗ್ಗೆ ಬೇಡ. ಊಟದ ಜೊತೆ ಚುಚ್ಚುವ ಇನ್ಸುಲಿನ್ ಊಟ ಶುರುವಾಗುವವರೆಗೆ ಬೇಡ. ಎಷ್ಟು ಯೂನಿಟ್ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಸಿರಿಂಜಿನ ಬಗ್ಗೆಯೂ ಎಚ್ಚರ ಬೇಕು. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳು ಎರಡು ಬಗೆ: ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಗೆ 40ರ ಸಿರಿಂಜು ಬಳಸಿದರೆ ಎರಡೂವರೆ ಪಟ್ಟು ಹೆಚ್ಚು ಇನ್ಸುಲಿನ್ ಮೈಗೆ ಹೋಗುತ್ತದೆ. ಆಸ್ಪತ್ರೆಯಿಂದ ಹೊಸ ಬಾಟಲಿ ತಂದ ದಿನ ಇದನ್ನು ನೋಡಿಯೇ ಚುಚ್ಚಿ.

ಇನ್ಸುಲಿನ್ ಹಂದಿಯಿಂದ ಮಾಡುತ್ತಾರಂತೆ ಎಂಬ ಶಂಕೆ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಅದಕ್ಕೆ ಕಾರಣವಿದೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದ ನಂತರ ಸುಮಾರು ಆರು ದಶಕ ಕಾಲ ಅದನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1982ರಲ್ಲಿ ಬ್ಯಾಕ್ಟೀರಿಯಾದ ಒಳಗೆ ಮಾನವ ಇನ್ಸುಲಿನ್ ಬೆಳೆಸುವ ವಿಧಾನ ಬಳಕೆಗೆ ಬಂತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೇ ಯೀಸ್ಟ್ ಬಳಸಿ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಇಂದು ಸಾಮಾನ್ಯವಾಗಿ ಬರೆದುಕೊಡುವ ಇನ್ಸುಲಿನ್ ಹೀಗೆ ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಿಂದ ತಯಾರಾದದ್ದು. ಶಂಕೆ ಇದ್ದರೆ ಬಾಟಲಿಯ ಲೇಬಲ್ ಓದಿ, ಔಷಧ ಅಂಗಡಿಯವರನ್ನು ಕೇಳಿ. ಶಂಕೆಯಿಂದಲೇ ಚಿಕಿತ್ಸೆ ಬಿಡಬೇಡಿ. ಆಪರೇಷನ್ ನಂತರ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಚುಚ್ಚುಮದ್ದು ಮಾತ್ರ ಇಂದಿಗೂ ಹೆಚ್ಚಾಗಿ ಹಂದಿಯ ಕರುಳಿನಿಂದಲೇ ಬರುತ್ತದೆ. ಬದಲಿ ಔಷಧ ಸಾಧ್ಯವೇ ಎಂದು ವೈದ್ಯರನ್ನು ಮೊದಲೇ ಕೇಳಬಹುದು. ಬದಲಿ ಇಲ್ಲದ ಅನಿವಾರ್ಯ ಸಂದರ್ಭದ ರಿಯಾಯಿತಿಯ ಬಗ್ಗೆ ನಿಮ್ಮ ಆಲಿಮರಿಂದ ತಿಳಿದುಕೊಳ್ಳಿ. ಈ ಮಾತುಕತೆ ಆಪರೇಷನ್‌ಗೆ ಒಂದು ವಾರ ಮೊದಲು ಆಗಲಿ, ಆಪರೇಷನ್ ಕೋಣೆಯ ಬಾಗಿಲಲ್ಲಿ ಬೇಡ.

ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ

ನಾಳೆ ಏನೂ ತಿನ್ನುವಂತಿಲ್ಲ ಎಂದು ಹಿಂದಿನ ರಾತ್ರಿ ಮನೆಮಂದಿ ಸೇರಿ ಬಿರಿಯಾನಿ ಉಣ್ಣಿಸುವುದುಂಟು. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಕೊಬ್ಬಿನ ಊಟ ಹೊಟ್ಟೆ ಬಿಡಲು ಎಂಟು ಗಂಟೆ ಬೇಕು, ಮಧುಮೇಹಿಗಳಲ್ಲಿ ಇನ್ನೂ ತಡವಾಗಬಹುದು. ಇಡ್ಲಿ, ರೊಟ್ಟಿ, ಗಂಜಿಯಂಥ ಹಗುರ ಆಹಾರಕ್ಕೆ ಆರು ಗಂಟೆ. ಬರೀ ನೀರು ಅಥವಾ ಹಾಲಿಲ್ಲದ ಚಹಾ ಸಾಮಾನ್ಯವಾಗಿ ಎರಡು ಗಂಟೆ ಮೊದಲಿನವರೆಗೆ ಆಗುತ್ತದೆ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ.

ಇದು ರೋಝಾ ಅಲ್ಲ ಎಂಬುದನ್ನು ನೆನಪಿಡಿ. ರೋಝಾದಂತೆ ನೀರನ್ನೂ ಗಂಟೆಗಟ್ಟಲೆ ಬಿಟ್ಟು ನೀರಿಲ್ಲದೆ ಬಳಲಿ ಹೋಗುವುದರಿಂದ ಯಾವ ಲಾಭವೂ ಇಲ್ಲ. ಹೊಟ್ಟೆಯ ನರಗಳು ದುರ್ಬಲವಾಗಿರುವವರಿಗೆ ವೈದ್ಯರು ಬೇರೆ ಅವಧಿ ಹೇಳಬಹುದು. ಅದನ್ನೇ ಪಾಲಿಸಿ.

ಮಧುಮೇಹಿಗಳಿಗೆ ಬೆಳಗಿನ ಮೊದಲ ಆಪರೇಷನ್ ಕೊಡುವುದು ಒಳ್ಳೆಯ ಪದ್ಧತಿ. ಉಪವಾಸದ ಹೊತ್ತು ಕಡಿಮೆಯಾಗುತ್ತದೆ. ದಿನ ಗೊತ್ತು ಮಾಡುವಾಗಲೇ ವಿನಯದಿಂದ ಕೇಳಿ. ಮಧ್ಯಾಹ್ನಕ್ಕೆ ಮುಂದೂಡಿದರೆ ಸಕ್ಕರೆ ಏನಾಗಿದೆ ಎಂದು ನರ್ಸಿನಿಂದ ಆಗಾಗ ನೋಡಿಸಿ.

ಕಾಯುವಾಗ ಬೆವರು, ನಡುಕ ಬಂದರೆ ಸಹಿಸಿಕೊಂಡು ಕೂರಬೇಡಿ. ತಕ್ಷಣ ನರ್ಸಿಗೆ ಹೇಳಿ. ಮನೆಯಲ್ಲಿ ಅಥವಾ ದಾರಿಯಲ್ಲಿದ್ದರೆ ಗ್ಲೂಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಕಂಡಾಗ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಯಿರಿ. ಹದಿನೈದು ನಿಮಿಷದ ನಂತರ ಮತ್ತೆ ನೋಡಿ. ಖರ್ಜೂರ, ಬಿಸ್ಕತ್ತು, ಹಾಲು ಬೇಡ, ಅವು ಹೊಟ್ಟೆಯಲ್ಲಿ ಉಳಿಯುತ್ತವೆ. ಆಸ್ಪತ್ರೆ ತಲುಪಿದ ಕೂಡಲೇ ಕುಡಿದದ್ದನ್ನು ಹೇಳಿಬಿಡಿ. ಆಪರೇಷನ್ ಒಂದೆರಡು ಗಂಟೆ ತಡವಾದರೂ ಚಿಂತೆಯಿಲ್ಲ. ಹೇಳದೆ ಮುಚ್ಚಿಡುವುದೇ ಅಪಾಯ.

ಪೊರೆ ತೆಗೆಸುವುದು, ಹಲ್ಲು ಕೀಳಿಸುವುದು ಇಂಥವನ್ನು ಸಾಮಾನ್ಯವಾಗಿ ಆ ಜಾಗ ಮಾತ್ರ ಮರಗಟ್ಟಿಸಿ ಮಾಡುತ್ತಾರೆ. ಆಗ ಉಪವಾಸ ಬೇಕೇ, ಮಾತ್ರೆ ನುಂಗಬಹುದೇ ಎಂದು ಕೇಳಿ ತಿಳಿಯಿರಿ. ಚಾಮರಾಜಪೇಟೆಯ ಮಿಂಟೋ ಕಣ್ಣಿನ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗೆ ದೂರದಿಂದ ಹೋಗಿ ಸಾಲಿನಲ್ಲಿ ಕಾಯುವವರು ತಮ್ಮ ಮಾತ್ರೆ, ಸಕ್ಕರೆಯ ಪುಡಿ, ತಿಂಡಿ ಜೊತೆಯಲ್ಲಿ ಇಟ್ಟುಕೊಳ್ಳಲಿ.

ಆಪರೇಷನ್ ಆದ ಮೇಲೆ

ಆಸ್ಪತ್ರೆಯಲ್ಲಿ ಕೆಲವು ದಿನ ಮಾತ್ರೆ ನಿಲ್ಲಿಸಿ ಇನ್ಸುಲಿನ್ ಕೊಡುವುದು ವಾಡಿಕೆ. ಸಕ್ಕರೆಯ ಏರಿಳಿತಕ್ಕೆ ತಕ್ಕಂತೆ ಬೇಗ ಹೆಚ್ಚು ಕಡಿಮೆ ಮಾಡಲು ಇನ್ಸುಲಿನ್‌ನಷ್ಟು ಅನುಕೂಲ ಬೇರೆ ಯಾವುದೂ ಇಲ್ಲ. ಇನ್ಸುಲಿನ್ ಕೊಟ್ಟರು ಎಂದರೆ ಕಾಯಿಲೆ ಕೈಮೀರಿದೆ ಎಂದಲ್ಲ, ಜೀವಮಾನವಿಡೀ ಬೇಕು ಎಂದೂ ಅಲ್ಲ. ಗಾಯ ಮಾಗಿ ಊಟ ಮೊದಲಿನಂತಾದ ಮೇಲೆ ಅನೇಕರು ಮತ್ತೆ ಮಾತ್ರೆಗೇ ಮರಳುತ್ತಾರೆ.

ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಪುಣ್ಯದ ಕೆಲಸ. ಆದರೆ ಕೈಯಲ್ಲಿ ಜ್ಯೂಸ್ ಡಬ್ಬಿ, ಸಿಹಿ, ಬಾಳೆಹಣ್ಣಿನ ಚಿಪ್ಪು ಹಿಡಿದು ಹತ್ತು ಜನ ಮಂಚದ ಸುತ್ತ ನಿಲ್ಲುವುದು ಮಧುಮೇಹಿಗೆ ಸಹಾಯವಲ್ಲ. ಇಬ್ಬರು ಹೋಗಿ, ಕೈ ತೊಳೆದು, ಐದು ನಿಮಿಷ ದುಆ ಮಾಡಿ ಬನ್ನಿ. ಝಮ್‌ಝಮ್ ನೀರು ತಂದಿದ್ದರೆ ಕುಡಿಯಲು ಬಿಟ್ಟಿದ್ದಾರೆಯೇ ಎಂದು ಮೊದಲು ನರ್ಸನ್ನು ಕೇಳಿ. ಮೀನು, ಮೊಟ್ಟೆ, ಕೋಳಿ, ಬೇಳೆ ಇವು ಗಾಯ ಮಾಗಲು ಬೇಕು. ಶಕ್ತಿ ಬರಲಿ ಎಂದು ಬೆಲ್ಲದ ಪಾಯಸ, ಹಲ್ವಾ ಬೇಡ.

ಮನೆಗೆ ಬಂದ ಮೇಲೆ ದಿನಕ್ಕೆರಡು ಬಾರಿಯಾದರೂ ಸಕ್ಕರೆ ನೋಡಿ ಬರೆದಿಡಿ. ಯಾವ ಮಾತ್ರೆಯನ್ನು ಯಾವ ದಿನ ಮತ್ತೆ ಶುರು ಮಾಡಬೇಕು ಎಂದು ಬಿಡುಗಡೆ ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿಯೇ ಹೊರಡಿ. ಗಾಯದ ಸುತ್ತ ಕೆಂಪು, ಬಿಸಿ, ಕೀವು, ದುರ್ವಾಸನೆ, ಜ್ವರ, ನಿಲ್ಲದ ವಾಂತಿ, ಏದುಸಿರು, ಅಥವಾ ಸಕ್ಕರೆ ಮತ್ತೆ ಮತ್ತೆ 250 ದಾಟುವುದು ಕಂಡರೆ ಮುಂದಿನ ತಾರೀಕಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಮಲಗಿಯೇ ಇರುವವರ ಹಿಮ್ಮಡಿಯಲ್ಲಿ ಹುಣ್ಣಾಗುವುದು ಬೇಗ. ಮಧುಮೇಹಿಗೆ ಅದು ನೋವೇ ಆಗದಿರಬಹುದು, ದಿನಕ್ಕೊಮ್ಮೆ ಮನೆಯವರೇ ನೋಡಬೇಕು. ವುಝೂ ಮಾಡುವಾಗ ಪಾದ ತೊಳೆಯುತ್ತೇವೆ. ಆಗಲೇ ಬೆರಳುಗಳ ಸಂದಿ ಒರೆಸಿ, ಗಾಯವಿದೆಯೇ ಎಂದು ನೋಡಿದರೆ ಪಾದದ ತಪಾಸಣೆಯೂ ಆಯಿತು.

ನಮಾಝ್ ಮತ್ತು ರಮಝಾನ್

ಹೊಲಿಗೆ ಇರುವಾಗ ಬಗ್ಗಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ಸನ್ನೆಯಿಂದ ನಮಾಝ್ ಮಾಡಲು ಅವಕಾಶವಿದೆ. ನೀರು ತಾಗಿಸಬಾರದ ಗಾಯವಿದ್ದರೆ ಬ್ಯಾಂಡೇಜಿನ ಮೇಲೆ ಮಸಹ್ ಅಥವಾ ತಯಮ್ಮುಮ್ ಇದೆ. ಪೊರೆ ಆಪರೇಷನ್ ನಂತರ ಮುಖ ತೊಳೆಯುವುದು, ಸುಜೂದ್‌ಗೆ ಬಗ್ಗುವುದು ಯಾವಾಗಿನಿಂದ ಎಂದು ಕಣ್ಣಿನ ವೈದ್ಯರನ್ನು ಕೇಳಿ. ಈ ರಿಯಾಯಿತಿಗಳನ್ನು ಬಳಸಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಕಾಯಬಹುದಾದ ಆಪರೇಷನ್ ರಮಝಾನಿನ ಆಸುಪಾಸಿನಲ್ಲಿ ಬಂದರೆ ವೈದ್ಯರಿಗೆ ಮೊದಲೇ ತಿಳಿಸಿ ದಿನ ಆರಿಸಿ. ಹೊಸ ಗಾಯ, ಹೊಸ ಇನ್ಸುಲಿನ್, ಇವುಗಳ ಜೊತೆ ಹಗಲಿಡೀ ಉಪವಾಸ ಮಾಡಿದರೆ ಸಕ್ಕರೆ ಕುಸಿಯಬಹುದು, ಇಫ್ತಾರ್ ನಂತರ ಜಿಗಿಯಬಹುದು. ರೋಗಿಗೆ ಉಪವಾಸವನ್ನು ಮುಂದಿನ ದಿನಗಳಲ್ಲಿ ಪೂರ್ತಿ ಮಾಡುವ ಅನುಮತಿ ಕುರ್‌ಆನಿನಲ್ಲೇ ಇದೆ. ನನ್ನ ಮನಸ್ಸು ಒಪ್ಪುತ್ತಿಲ್ಲ ಎಂದು ಹಠ ಹಿಡಿಯುವ ಹಿರಿಯರಿಗೆ ಇದನ್ನು ಮಕ್ಕಳು ಮೃದುವಾಗಿ ನೆನಪಿಸಬೇಕು.

ಖರ್ಚಿನ ಚಿಂತೆ ಇರುವವರಿಗೆ

ಸಕ್ಕರೆ ಹತೋಟಿಗೆ ತರಲು ದೊಡ್ಡ ಆಸ್ಪತ್ರೆಯೇ ಬೇಕಿಲ್ಲ. ನಗರದ ವಾರ್ಡುಗಳಲ್ಲಿರುವ ನಮ್ಮ ಕ್ಲಿನಿಕ್‌ಗಳಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ಉಚಿತವಾಗಿ ನೋಡುತ್ತಾರೆ. ಜನೌಷಧಿ ಅಂಗಡಿಗಳಲ್ಲಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮುಂತಾದವು ಕಡಿಮೆ ಬೆಲೆಗೆ ಸಿಗುತ್ತವೆ. ಹತೋಟಿಗೆ ಬಾರದ ಮಧುಮೇಹ ಅಥವಾ ಪಾದದ ಹುಣ್ಣು ಇರುವವರಿಗೆ ಬೆಂಗಳೂರಿನಲ್ಲೇ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಆಪರೇಷನ್ ಬರುತ್ತದೆಯೇ ಎಂದು ದಾಖಲಾಗುವ ಮೊದಲೇ ವಿಚಾರಿಸಿ.

ಈ ಚೀಟಿ ಜೊತೆಗಿರಲಿ

ಆಪರೇಷನ್ ಗೊತ್ತಾದ ದಿನ ಒಂದು ಕಾಗದದ ಮೇಲೆ ಇಷ್ಟನ್ನು ಬರೆಯಿರಿ: ಎಷ್ಟು ವರ್ಷದಿಂದ ಮಧುಮೇಹ, ಕಡೆಯ ಎಚ್‌ಬಿಎ1ಸಿ ಮತ್ತು ಅದರ ತಾರೀಕು, ಎಲ್ಲ ಔಷಧಗಳ ಹೆಸರು ಮತ್ತು ಹೊತ್ತು, ಸಕ್ಕರೆ ಕುಸಿದು ತೊಂದರೆಯಾದದ್ದಿದೆಯೇ, ಹೃದಯ, ಮೂತ್ರಪಿಂಡ, ಕಣ್ಣು, ಪಾದದ ತೊಂದರೆ ಇದೆಯೇ, ಅಲರ್ಜಿ ಇದೆಯೇ. ಅದರ ಕೆಳಗೆ ವೈದ್ಯರಿಂದ ಮೂರು ಉತ್ತರ ಬರೆಸಿಕೊಳ್ಳಿ: ಯಾವ ಮಾತ್ರೆ ಯಾವ ದಿನ ನಿಲ್ಲಿಸಬೇಕು, ಆ ಬೆಳಿಗ್ಗೆ ಇನ್ಸುಲಿನ್ ಎಷ್ಟು, ಎಷ್ಟು ಗಂಟೆಯಿಂದ ಊಟ ಮತ್ತು ನೀರು ಬೇಡ. ಓದಲು ಬಾರದ ಹಿರಿಯರಿದ್ದರೆ ಮನೆಯ ಒಬ್ಬರು ಈ ಹೊಣೆ ಹೊರಲಿ.

ಖಾಲಾ ಏಳು ವಾರದ ನಂತರ ಮತ್ತೆ ರಕ್ತ ಕೊಟ್ಟರು. ಖಾಲಿ ಹೊಟ್ಟೆಗೆ 128, ಎಚ್‌ಬಿಎ1ಸಿ 8.1. ವೈದ್ಯರು ಒಪ್ಪಿದರು. ಬೆಳಗಿನ ಮೊದಲ ಸರದಿಯಲ್ಲೇ ದುರ್ಬೀನಿನ ಮೂಲಕ ಆಪರೇಷನ್ ಆಯಿತು. ಮೂರನೇ ದಿನ ಮನೆಗೆ ಬಂದರು, ಗಾಯಗಳು ಒಣಗಿಯೇ ಮಾಗಿದವು. ಅಂದು ಬೇರೆ ಆಸ್ಪತ್ರೆಗೆ ಹೋಗೋಣ ಎಂದಿದ್ದ ಮಗನೇ ಈಗ ಪ್ರತಿದಿನ ಅಮ್ಮಿಯ ಸಕ್ಕರೆ ನೋಡಿ ನೋಟ್ ಪುಸ್ತಕದಲ್ಲಿ ಬರೆಯುತ್ತಾನೆ. ನೋಡಲು ಬಂದ ನೆರೆಮನೆಯವರು ಹೇಗೆ ಇಷ್ಟು ಬೇಗ ಗುಣವಾಯಿತು ಎಂದು ಕೇಳಿದರೆ ಖಾಲಾ ಹೇಳುವುದಿಷ್ಟೇ: "ದುಆನೂ ಮಾಡಿದೆ, ಹೊತ್ತಿಗೆ ಸರಿಯಾಗಿ ಸೂಜಿನೂ ಚುಚ್ಚಿಕೊಂಡೆ."